ಮುಂಚಕ್ರ ಮಗುಚಿ ಕೂತ ಹಳೇ ಪಿಕಪ್

ಟೊಮೆಟೊ ಸೀಸನ್ನಿನಲ್ಲಿ ಕೋಲಾರದ ಎಪಿಎಂಸಿ ದಾರಿ ಹಿಡಿದವರು ಈ ನೋಟವನ್ನು ಒಮ್ಮೆಯಾದರೂ ಕಂಡಿರುತ್ತಾರೆ. ರಸ್ತೆಯ ಅಂಚಿಗೆ ಪಿಕಪ್ ನಿಂತಿದೆ. ಮುಂದಿನ ಒಂದು ಚಕ್ರದ ಮೇಲ್ತುದಿ ಒಳಕ್ಕೆ ವಾಲಿದೆ, ಬುಡ ಹೊರಕ್ಕೆ ಚಾಚಿದೆ, ಮಡ್‌ಗಾರ್ಡ್ ಟೈರಿನ ಮೇಲೆಯೇ ಕೂತುಬಿಟ್ಟಿದೆ. ಪಕ್ಕದಲ್ಲಿ ನಿಂತ ಡ್ರೈವರ್ ಹೇಳುವುದು ಒಂದೇ ಮಾತು: "ಇದ್ದಕ್ಕಿದ್ದಂಗೆ ಕಟ್ಟಾಗೋಯ್ತು ಸಾರ್."

ಇದ್ದಕ್ಕಿದ್ದಂತೆ ಕಟ್ಟಾಗುವ ಭಾಗ ಮುಂದಿನ ಸಸ್ಪೆನ್ಷನ್ನಿನಲ್ಲಿ ತೀರಾ ಕಡಿಮೆ. ಹಂಪ್ ಇಳಿಯುವಾಗ 'ಟಕ್' ಎಂಬ ಸದ್ದು, ತಿರುವಿನ ನಂತರ ತಾನಾಗಿ ನೇರಕ್ಕೆ ಬಾರದ ಸ್ಟೀರಿಂಗ್, ಒಂದೇ ಅಂಚಿನಲ್ಲಿ ಸವೆದ ಟೈರು ತಿಂಗಳುಗಟ್ಟಲೆ ಮೊದಲೇ ಸುದ್ದಿ ಕೊಟ್ಟಿರುತ್ತವೆ. ಕೇಳಿಸಿಕೊಂಡವರು ಇರುವುದಿಲ್ಲ, ಅಷ್ಟೆ. ಮುರಿದ ಭಾಗ ಬದಲಿಸಿ ಗಾಡಿ ಕಳಿಸುವ ಗ್ಯಾರೇಜು ಊರಿಗೆ ಹತ್ತಿವೆ. ಅದು ಯಾಕೆ ಮುರಿಯಿತು ಎಂದು ಹುಡುಕುವ ಮೇಸ್ತ್ರಿ ಅಪರೂಪ. ಹುಡುಕದೆ ಮಾಡಿದ ರಿಪೇರಿ ಅರ್ಧ ರಿಪೇರಿ; ಅದೇ ಚಕ್ರ ಮತ್ತೆ ಮಗುಚುತ್ತದೆ. ಮಾಲೀಕರೇ ಸ್ಪ್ಯಾನರ್ ಹಿಡಿಯಬೇಕೆಂದು ನಾನು ಹೇಳುವುದಿಲ್ಲ. ಗಾಡಿಯ ಕೆಳಗೆ ಮಲಗಿದವನು ಏನು ಮಾಡುತ್ತಿದ್ದಾನೆ ಎಂಬುದು ಮೇಲೆ ನಿಂತವರಿಗೆ ಗೊತ್ತಿದ್ದರೆ ಸಾಕು.

ಕೆಳಗೆ ಏನಿದೆ

ಹಳೇ ಪಿಕಪ್ಪುಗಳ ಮುಂಭಾಗದಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಎಡ ಬಲ ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ, ಆಕ್ಸಲ್ಲಿನ ಎರಡೂ ತುದಿಯಲ್ಲಿ ಲೀಫ್ ಸ್ಪ್ರಿಂಗ್ ಇರುತ್ತದೆ. 2005ರಲ್ಲಿ ಬಂದ ಟಾಟಾ ಏಸ್ ಈ ಬಗೆಯದು. ಇನ್ನೊಂದರಲ್ಲಿ ಪ್ರತಿ ಚಕ್ರವೂ ಬೇರೆ ಬೇರೆ. ಮೇಲೊಂದು ಕೆಳಗೊಂದು ಆರ್ಮ್, ಅವೆರಡರ ನಡುವೆ ಚಕ್ರವನ್ನು ಹಿಡಿದಿರುವ ಸ್ಟೀರಿಂಗ್ ನಕಲ್. ಆರ್ಮಿನ ಒಳತುದಿ ಚಾಸಿಗೆ ಬುಷ್ ಮೂಲಕ ಸೇರುತ್ತದೆ, ಹೊರತುದಿ ನಕಲ್‌ಗೆ ಬಾಲ್ ಜಾಯಿಂಟ್ ಮೂಲಕ. ಭಾರ ಹೊರಲು ಕಾಯಿಲ್ ಸ್ಪ್ರಿಂಗ್ ಇರಬಹುದು, ಬೊಲೆರೊ ಜೀಪಿನ ಮುಂಭಾಗದಲ್ಲಿರುವಂತೆ. ಅಥವಾ ಟಾರ್ಷನ್ ಬಾರ್ ಇರಬಹುದು, ಹಳೇ ಟಾಟಾ ಸುಮೊದಲ್ಲಿದ್ದಂತೆ. ಚಾಸಿಯ ಉದ್ದಕ್ಕೆ ಮಲಗಿದ ಉಕ್ಕಿನ ಸರಳು ಅದು. ಚಕ್ರ ಮೇಲೆದ್ದಾಗ ತಿರುಚಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಂಡು ಚಕ್ರವನ್ನು ಕೆಳಕ್ಕೆ ಒತ್ತುತ್ತದೆ.

ಒಂದೇ ಹೆಸರಿನ ಗಾಡಿಯಲ್ಲೂ ವರ್ಷ, ಮಾಡೆಲ್ ಬದಲಾದರೆ ಮುಂಭಾಗ ಬೇರೆಯಾಗಿರುತ್ತದೆ. ಯಾರ ಮಾತನ್ನೂ ನಂಬದೆ ಟಾರ್ಚ್ ಹಿಡಿದು ಬಗ್ಗಿ ನೋಡುವುದೇ ಸರಿ.

ಲೋಡು ಇರುವುದು ಹಿಂದೆ, ಮುರಿಯುವುದು ಮಾತ್ರ ಮುಂದೆ. ಇದಕ್ಕೆ ಕಾರಣ ಬ್ರೇಕು. ಗುಂಡಿ ಕಂಡ ಕೂಡಲೇ ಡ್ರೈವರ್ ಬ್ರೇಕ್ ಒತ್ತುತ್ತಾನೆ. ಇಡೀ ಗಾಡಿಯ ತೂಕ ಮುಂದಕ್ಕೆ ವಾಲಿ ಮುಂದಿನ ಸ್ಪ್ರಿಂಗ್ ಆಗಲೇ ಅದುಮಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಚಕ್ರ ಗುಂಡಿಗೆ ಬಿದ್ದು ಆಚೆಯ ಅಂಚಿಗೆ ಬಡಿದರೆ ಸ್ಪ್ರಿಂಗ್ ನುಂಗಲು ಜಾಗವೇ ಉಳಿದಿರುವುದಿಲ್ಲ. ಏಟು ನೇರವಾಗಿ ಬಾಲ್ ಜಾಯಿಂಟಿಗೆ, ಬುಷ್‌ಗೆ, ಚಾಸಿಗೆ ಹೋಗುತ್ತದೆ. ಹಾಗಾಗಿ ಗುಂಡಿಗೆ ಮೊದಲೇ ಬ್ರೇಕ್ ಹಿಡಿದು ವೇಗ ಇಳಿಸಿ, ಚಕ್ರ ಗುಂಡಿಗೆ ಇಳಿಯುವ ಹೊತ್ತಿಗೆ ಬ್ರೇಕ್ ಬಿಡಬೇಕು. ಹಳೇ ಲಾರಿ ಡ್ರೈವರುಗಳು ಇದನ್ನು ಯಾರೂ ಹೇಳಿಕೊಡದೆ ಮಾಡುತ್ತಾರೆ. ಆ ಏಟನ್ನು ತಾಳಲೆಂದು ಆರ್ಮಿನ ಮೇಲೋ ಚಾಸಿಯ ಕೆಳಗೋ ಇರುವ ಗಟ್ಟಿ ರಬ್ಬರ್ ತುಂಡು, ಅಂದರೆ ಬಂಪ್ ಸ್ಟಾಪ್, ಹಳೇ ಗಾಡಿಗಳಲ್ಲಿ ಅರ್ಧ ಹರಿದಿರುತ್ತದೆ ಇಲ್ಲವೇ ಉದುರಿ ಹೋಗಿರುತ್ತದೆ. ಅಗ್ಗದ ಸಾಮಾನು. ಅದಿಲ್ಲದ ಗಾಡಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ಬಡಿಯುತ್ತದೆ.

ಮೂಳೆ ಕೀಲಿನಂಥ ಜಾಯಿಂಟು

ಚಕ್ರ ಮಗುಚಿ ಕೂತಿದ್ದರೆ ಮೊದಲ ಅನುಮಾನ ಕೆಳಗಿನ ಬಾಲ್ ಜಾಯಿಂಟಿನ ಮೇಲೆ. ನಮ್ಮ ತೊಡೆಮೂಳೆ ಸೊಂಟದ ಗುಳಿಯಲ್ಲಿ ಕೂತ ಹಾಗೆ ಇಲ್ಲೂ ಒಂದು ಉಕ್ಕಿನ ಗುಂಡು ಬಟ್ಟಲಿನೊಳಗೆ ಕೂತಿರುತ್ತದೆ. ಮೇಲೆ ಕೆಳಗೆ ಆಡಬೇಕು, ಸ್ಟೀರಿಂಗ್ ಜೊತೆ ತಿರುಗಬೇಕು, ಆಚೆ ಬರಬಾರದು. ಒಳಗೆ ಗ್ರೀಸು, ಹೊರಗೆ ರಬ್ಬರ್ ಬೂಟು. ಬೂಟು ಹರಿದ ದಿನದಿಂದ ಜಾಯಿಂಟಿನ ಆಯಸ್ಸು ಇಳಿಮುಖ. ಮಣ್ಣು ನೀರು ಒಳಸೇರಿ ಗ್ರೀಸು ಉಜ್ಜುವ ಪೇಸ್ಟ್ ಆಗುತ್ತದೆ, ಗುಂಡು ಸವೆಯುತ್ತದೆ, ಬಟ್ಟಲಿನ ಬಾಯಿ ಅಗಲವಾಗುತ್ತದೆ, ಕೊನೆಗೊಂದು ದಿನ ಗುಂಡು ಕಿತ್ತು ಬರುತ್ತದೆ.

ಎಲ್ಲ ಬಾಲ್ ಜಾಯಿಂಟೂ ಒಂದೇ ರೀತಿ ಕೈಕೊಡುವುದಿಲ್ಲ. ಕೆಳಗಿನ ಆರ್ಮಿನ ಮೇಲೆ ಸ್ಪ್ರಿಂಗ್ ಕೂತಿದ್ದರೆ ಅದು ಆರ್ಮನ್ನು ಕೆಳಕ್ಕೆ ಒತ್ತುತ್ತದೆ, ನೆಲ ಚಕ್ರವನ್ನೂ ನಕಲನ್ನೂ ಮೇಲಕ್ಕೆ ಒತ್ತುತ್ತದೆ. ಆರ್ಮು ನಕಲ್‌ನ ಕಿವಿಯ, ಅಂದರೆ ಜಾಯಿಂಟ್ ಕೂರುವ ಚಾಚಿನ, ಮೇಲೆ ಕೂತಿದ್ದರೆ ಈ ಎರಡು ಬಲ ಗುಂಡನ್ನು ಬಟ್ಟಲಿನೊಳಕ್ಕೇ ಅದುಮುತ್ತವೆ. ಸವೆದರೂ ಗಡಗಡ ಸದ್ದು ಮಾಡಿಕೊಂಡು ಬಹಳ ದಿನ ಓಡುತ್ತದೆ. ಆರ್ಮು ನಕಲ್‌ನಿಂದ ಕೆಳಕ್ಕೆ ನೇತಾಡುವಂತಿದ್ದರೆ ಅದೇ ಬಲಗಳು ಗುಂಡನ್ನು ಬಟ್ಟಲಿನಿಂದ ಹೊರಕ್ಕೆ ಎಳೆಯುತ್ತವೆ. ಇಂಥದ್ದು ಸವೆದರೆ ಕ್ಷಮೆ ಇಲ್ಲ. ಟೊಯೊಟಾ ಟಕೋಮಾ ಪಿಕಪ್‌ನ ಮೊದಲ ತಲೆಮಾರಿನಲ್ಲಿದ್ದದ್ದು ಈ ಎಳೆತದ ಬಗೆ. 2005ರಲ್ಲಿ ಟೊಯೊಟಾ ಅಮೆರಿಕದಲ್ಲಿ ಟಕೋಮಾ, ಟಂಡ್ರಾ ಮುಂತಾದ ಸುಮಾರು 7.75 ಲಕ್ಷ ಪಿಕಪ್ ಮತ್ತು ಎಸ್‌ಯುವಿಗಳನ್ನು ವಾಪಸ್ ಕರೆಯಿತು. ತಯಾರಿಕೆಯಲ್ಲಿ ಗುಂಡಿನ ಮೇಲ್ಮೈಗೆ ಗೀರು ಬಿದ್ದು ಬೇಗ ಸವೆದು ಸಡಿಲವಾಗಬಹುದು ಎಂಬುದು ಕಾರಣ. ಆ ಗಾಡಿಗಳ ಮಾಲೀಕರಲ್ಲಿ ಅನೇಕರು ಇಂದಿಗೂ ಜಾಯಿಂಟನ್ನು ಸವೆಯುವವರೆಗೆ ಕಾಯದೆ ಕಿಲೋಮೀಟರ್ ಲೆಕ್ಕದಲ್ಲೇ ಬದಲಿಸುತ್ತಾರೆ. ನಿಮ್ಮ ಪಿಕಪ್ಪಿನಲ್ಲಿ ಅದುಮುವ ಬಗೆಯೋ ಎಳೆಯುವ ಬಗೆಯೋ ಎಂದು ಬಗ್ಗಿ ನೋಡಿಕೊಳ್ಳಿ. ಎಳೆಯುವ ಬಗೆಯಾದರೆ ಬೂಟು ಹರಿದದ್ದು ಕಂಡ ವಾರದಲ್ಲೇ ಬದಲಿಸುವುದು ಜಾಣತನ.

ರಸ್ತೆಯಲ್ಲಿ ಕೂತಾಗ

ಚಕ್ರ ಮಗುಚಿದ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬೇಡಿ. ಆ ಚಕ್ರಕ್ಕೆ ಹೋಗುವ ಬ್ರೇಕ್ ಹೋಸ್ ಆಗಲೇ ಬಿಗಿದು ನಿಂತಿರುತ್ತದೆ, ಎಳೆದರೆ ಹರಿಯುತ್ತದೆ. ಸ್ಟೀರಿಂಗ್ ಮೊದಲೇ ಇಲ್ಲ, ಹೋಸ್ ಹರಿದರೆ ಬ್ರೇಕನ್ನೂ ನೆಚ್ಚುವಂತಿಲ್ಲ. ಮುಂಭಾಗ ಎತ್ತಿ ಒಯ್ಯುವ ರಿಕವರಿ ಗಾಡಿಯನ್ನೇ ಕರೆಸಿ. ಲೋಡನ್ನು ಇನ್ನೊಂದು ಗಾಡಿಗೆ ದಾಟಿಸಿದ ಮೇಲೆಯೇ ಎತ್ತುವುದು. ಎತ್ತುವ ಮೊದಲು ಮೊಬೈಲಿನಲ್ಲಿ ಚಕ್ರ, ಗುಂಡಿ, ರಸ್ತೆಯ ಗೀರು ಎಲ್ಲದರ ಫೋಟೊ ತೆಗೆದಿಡಿ. ಸಾಮಾನ್ಯ ಮೋಟಾರು ವಿಮೆ ಸವೆತಕ್ಕೆ, ಯಾಂತ್ರಿಕ ಕೆಡುಕಿಗೆ ಹಣ ಕೊಡುವುದಿಲ್ಲ, ಅಪಘಾತದ ಹಾನಿಗೆ ಕೊಡುತ್ತದೆ. ಗುಂಡಿಗೆ ಬಿದ್ದು ಆರ್ಮು ಬಾಗಿತೋ, ಸವೆದ ಜಾಯಿಂಟು ಕಿತ್ತು ಬಂತೋ ಎಂಬ ವಾದ ಸರ್ವೇಯರ್ ಮುಂದೆ ಬಂದೇ ಬರುತ್ತದೆ. ಆಗ ಆ ಫೋಟೊಗಳು ಬೇಕಾಗುತ್ತವೆ.

ಗ್ಯಾರೇಜಿನಲ್ಲಿ ಗಾಡಿ ಎತ್ತುವಾಗ ಹಿಂಚಕ್ರಗಳಿಗೆ ಅಡ್ಡ ಕೊಡಿ, ಚಾಸಿಯ ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ. ಜಾಕಿ ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಕಲ್ಲು, ಸಿಮೆಂಟ್ ಇಟ್ಟಿಗೆ ಯಾವುದೂ ಬೇಡ, ಅವು ಹೇಳದೆ ಸೀಳುತ್ತವೆ. ಸ್ಟ್ಯಾಂಡ್ ಇಲ್ಲವೆಂದರೆ ಅಡ್ಡಡ್ಡ ಪೇರಿಸಿದ ಗಟ್ಟಿ ಮರದ ದಿಮ್ಮಿ. ಅದೂ ಇಲ್ಲವೆಂದರೆ ಆ ಗ್ಯಾರೇಜು ಬೇಡ.

ಚಕ್ರ ಆಡಿಸಿ ನೋಡುವ ಬಗೆ

ಮಗುಚಿದ ಚಕ್ರದಲ್ಲಿ ಏನು ಮುರಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಪರೀಕ್ಷೆ ನಿಜವಾಗಿ ಬೇಕಿರುವುದು ಆಚೆಯ ಚಕ್ರಕ್ಕೆ. ಅಷ್ಟೇ ದೂರ ಓಡಿದ, ಅಷ್ಟೇ ಗುಂಡಿ ಕಂಡ ಚಕ್ರ ಅದು. ಅದನ್ನು ನೋಡದೆ ಗಾಡಿ ಹೊರಗೆ ಬಿಡುವುದನ್ನು ನಾನು ರಿಪೇರಿ ಎಂದು ಒಪ್ಪುವುದಿಲ್ಲ.

ಜಾಕಿ ಎಲ್ಲಿ ಇಡುತ್ತೀರಿ ಎಂಬುದರಲ್ಲಿ ಅರ್ಧ ಉತ್ತರವಿದೆ. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಕೆಳಗಿನ ಆರ್ಮಿಗೆ ಸೇರಿದ್ದರೆ ಜಾಕಿಯನ್ನು ಕೆಳಗಿನ ಆರ್ಮಿನ ಅಡಿಗೆ, ಬಾಲ್ ಜಾಯಿಂಟಿಗೆ ಆದಷ್ಟು ಹತ್ತಿರ ಇಡಬೇಕು. ಚಾಸಿಗೆ ಜಾಕಿ ಕೊಟ್ಟು ಎತ್ತಿದರೆ ಸ್ಪ್ರಿಂಗು ಜಾಯಿಂಟನ್ನು ಬಿಗಿಯಾಗಿ ಒತ್ತಿ ಹಿಡಿದು, ಸವೆದ ಜಾಯಿಂಟೂ ಗಟ್ಟಿಯಾಗಿರುವಂತೆ ತೋರುತ್ತದೆ. ಸ್ಪ್ರಿಂಗ್ ಮೇಲಿನ ಆರ್ಮಿಗೆ ಸೇರಿದ್ದರೆ ಮಾತ್ರ ಚಾಸಿಗೇ ಜಾಕಿ. ಸವೆತ ತಪ್ಪಿಸಿಕೊಂಡು ಹೋಗುವುದು ಹೆಚ್ಚಾಗಿ ಇಲ್ಲೇ.

ಟೈರು ನೆಲದಿಂದ ಎರಡು ಬೆರಳು ಎದ್ದ ಮೇಲೆ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಆಡಿಸಿ. ಆಟವಿದ್ದರೆ ವೀಲ್ ಬೇರಿಂಗೋ ಬಾಲ್ ಜಾಯಿಂಟೋ ಎಂಬ ಪ್ರಶ್ನೆ. ಒಳಗೆ ಕೂತವರಿಗೆ ಬ್ರೇಕ್ ಗಟ್ಟಿಯಾಗಿ ಒತ್ತಲು ಹೇಳಿ ಮತ್ತೆ ಆಡಿಸಿ. ಆಟ ಮಾಯವಾದರೆ ಬೇರಿಂಗ್, ಹಾಗೆಯೇ ಉಳಿದರೆ ಬಾಲ್ ಜಾಯಿಂಟ್. ಆಮೇಲೆ ಕೈಗಳನ್ನು ಎಡಕ್ಕೂ ಬಲಕ್ಕೂ ಇಟ್ಟು ಆಡಿಸಿ. ಆಗ ಸಿಗುವ ಆಟ ಸಾಮಾನ್ಯವಾಗಿ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ಬಾಕ್ಸಿನದು. ಕೊನೆಗೆ ಒಂದು ಹಾರೆಯನ್ನು ಟೈರಿನ ಅಡಿಗೆ ತೂರಿಸಿ ಮೆಲ್ಲಗೆ ಮೇಲಕ್ಕೆ ಮೀಟಿ. ಇನ್ನೊಬ್ಬರು ಕೆಳಗಿನ ಜಾಯಿಂಟಿನ ಮೇಲೆ ಬೆರಳಿಟ್ಟಿರಲಿ. ಕಣ್ಣಿಗೆ ಕಾಣದ 'ಟಿಕ್' ಬೆರಳಿಗೆ ತಿಳಿಯುತ್ತದೆ. ಎಷ್ಟು ಆಟ ಸರಿ ಎಂಬುದನ್ನು ಗಾಡಿಯ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳುತ್ತದೆ. ಅದು ಕೈಯಲ್ಲಿಲ್ಲದಾಗ, ಸ್ಪಷ್ಟವಾಗಿ ಟಿಕ್ ಅನ್ನುವ ಜಾಯಿಂಟನ್ನು ಉಳಿಸಿಕೊಂಡು ಉಳಿಯುವ ಹಣ ದೊಡ್ಡದೇನಲ್ಲ.

ಟೈರಿನ ಮೇಲೂ ಅಂಗೈ ಆಡಿಸಿ. ಒಳಗಿನಿಂದ ಹೊರಕ್ಕೆ ಸವರಿದಾಗ ನುಣುಪು, ಹೊರಗಿನಿಂದ ಒಳಕ್ಕೆ ಸವರಿದಾಗ ಗರಗಸದ ಹಲ್ಲು ತಾಗಿದಂತಾದರೆ, ಅಥವಾ ಇದಕ್ಕೆ ತಿರುಗುಮುರುಗಾದರೆ, ಟೋ, ಅಂದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿ ನಿಲ್ಲುವ ಕೋನ, ತಪ್ಪಿದೆ. ಅಲ್ಲಲ್ಲಿ ಕುಳಿ ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಇಲ್ಲವೇ ಯಾವುದೋ ಜಾಯಿಂಟು ಸಡಿಲ. ಒಳ ಅಂಚು ಮಾತ್ರ ಬೋಳಾಗಿದ್ದರೆ ಚಕ್ರದ ಮೇಲ್ತುದಿ ಒಳಕ್ಕೆ ವಾಲಿದೆ. ಬುಷ್ ಹೋಗಿರಬಹುದು, ಸ್ಪ್ರಿಂಗ್ ಕುಸಿದಿರಬಹುದು, ಆರ್ಮು ಬಾಗಿರಬಹುದು.

ಬಿಚ್ಚುವುದು, ಕೂರಿಸುವುದು

ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಯಲ್ಲಿ ಬಾಲ್ ಜಾಯಿಂಟಿನ ನಟ್ಟು ಬಿಚ್ಚುವ ಮುನ್ನ ಒಂದು ವಿಷಯ ತಲೆಯಲ್ಲಿರಲಿ. ಗಾಡಿಯ ಮುಂಭಾಗವನ್ನು ಹೊತ್ತಿದ್ದ ಶಕ್ತಿ ಅದುಮಿದ ಸ್ಪ್ರಿಂಗಿನೊಳಗೆ ಹಾಗೇ ಕೂತಿರುತ್ತದೆ. ಕೆಳಗಿನ ಆರ್ಮಿಗೆ ಜಾಕಿ ಆಸರೆ ಇಲ್ಲದೆ ಜಾಯಿಂಟ್ ಬಿಡಿಸಿದರೆ ಆರ್ಮು ಧಡಾರನೆ ಕೆಳಕ್ಕೆ ಬಡಿದು ಸ್ಪ್ರಿಂಗ್ ಹಾರಿ ಬರುತ್ತದೆ. ಕಾಲು ಮುರಿದವರಿದ್ದಾರೆ, ಪ್ರಾಣ ಹೋದದ್ದೂ ಇದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಆರ್ಮಿಗೆ ಜಾಕಿ ಕೊಟ್ಟು, ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಮಾತ್ರ ಸಡಿಲಿಸಿ ಬಿಡಬೇಕು. ಜಾಯಿಂಟು ಟೇಪರ್‌ನಿಂದ ಬಿಟ್ಟುಕೊಂಡರೂ ನಟ್ಟು ಅದನ್ನು ಹಿಡಿಯುತ್ತದೆ.

ಟಾರ್ಷನ್ ಬಾರ್ ಗಾಡಿಯಲ್ಲಿ ಅಪಾಯ ಅಷ್ಟಿಲ್ಲ, ಗೊಂದಲ ಜಾಸ್ತಿ. ಬಾರಿನ ಹಿಂತುದಿಯ ಅಡ್ಜಸ್ಟಿಂಗ್ ಬೋಲ್ಟನ್ನು ಸಡಿಲಿಸಿ ಒತ್ತಡ ಇಳಿಸಬೇಕು. ಸಡಿಲಿಸುವ ಮೊದಲು ಬೋಲ್ಟಿನ ಎಷ್ಟು ಥ್ರೆಡ್ ಹೊರಗಿದೆ ಎಂದು ಸ್ಕೇಲಿನಲ್ಲಿ ಅಳೆದು ಬರೆದಿಡಿ. ಬಾರ್ ಮತ್ತು ಅದರ ಹಲ್ಲು ಕಚ್ಚುವ ಆ್ಯಂಕರ್ ಎರಡರ ಮೇಲೂ ಪೇಂಟಿನಿಂದ ಒಂದೇ ಗೆರೆ ಎಳೆಯಿರಿ. ಎಡದ ಬಾರು ಎಡಕ್ಕೇ, ಬಲದ್ದು ಬಲಕ್ಕೇ. ಕಾರ್ಖಾನೆಯಲ್ಲಿ ಒಂದು ದಿಕ್ಕಿಗೆ ತಿರುಚಿ ಪಳಗಿಸಿದ ಉಕ್ಕು ಅದು, ಅದಲು ಬದಲು ಮಾಡಿದರೆ ಕುಸಿಯುತ್ತದೆ ಇಲ್ಲವೇ ಒಡೆಯುತ್ತದೆ. ಮುಂಭಾಗ ತಗ್ಗಾಗಿ ಕಂಡಾಗ ಈ ಬೋಲ್ಟನ್ನೇ ತಿರುವಿ ಎತ್ತರಿಸುವ ಚಾಳಿ ಬಹಳ ಕಡೆ ಇದೆ. ಅದರಿಂದ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ಮೇಲೇಳುತ್ತದೆ ಅಷ್ಟೆ. ಚಕ್ರ ಕೆಳಗಿಳಿಯಲು ಬೇಕಾದ ಜಾಗ ಕಡಿಮೆಯಾಗಿ ಬಾಲ್ ಜಾಯಿಂಟು ಯಾವಾಗಲೂ ಓರೆಯಾಗಿ ನಿಲ್ಲುತ್ತದೆ. ಆಮೇಲೆ ಜಾಯಿಂಟ್ ಹೋದಾಗ ಬೈಗುಳ ಬೀಳುವುದು ಬಿಡಿಭಾಗದ ಕಂಪನಿಗೆ.

ಜಾಯಿಂಟಿನ ಪಿನ್ ನಕಲ್‌ನ ಟೇಪರ್ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲವಾದರೆ ಸುತ್ತಿಗೆಯಿಂದ ಹೊಡೆಯಬೇಕಾದದ್ದು ಪಿನ್ನಿನ ತಲೆಗಲ್ಲ, ಅದು ಕೂತಿರುವ ಕಿವಿಯ ಪಕ್ಕಕ್ಕೆ. ಎರಡು ಮೂರು ಗಟ್ಟಿ ಏಟಿಗೆ ಕಿವಿ ಕ್ಷಣಕಾಲ ಅಲುಗಿ ಪಿನ್ ಬಿಟ್ಟುಕೊಳ್ಳುತ್ತದೆ. ಗ್ಯಾಸ್ ಹಚ್ಚಿ ನಕಲ್ ಕೆಂಪಗೆ ಕಾಯಿಸಲು ಬಿಡಬೇಡಿ. ಹದ ಮಾಡಿದ ಉಕ್ಕು ಅದು, ಹದ ಹೋದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಹೊಸ ಜಾಯಿಂಟು ಬೋಲ್ಟಿನಲ್ಲಿ ಕೂರುವಂಥದ್ದಾದರೆ ಕೆಲಸ ಸುಲಭ. ಆದರೆ ಆ ಬೋಲ್ಟುಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಬೋಲ್ಟುಗಳಲ್ಲ. ತಲೆಯ ಮೇಲೆ 8.8 ಅಥವಾ 10.9 ಎಂಬ ಗುರುತು ಇರಬೇಕು, ಕಂಪನಿ ಹೇಳಿದ ದರ್ಜೆಯದೇ ಆಗಿರಬೇಕು. ಪ್ರೆಸ್ ಮಾಡಿ ಕೂರಿಸುವ ಜಾಯಿಂಟಾದರೆ ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಆರ್ಮನ್ನೇ ಒಯ್ಯಬೇಕು. ಜಾಯಿಂಟು ತೂತಿನಲ್ಲಿ ಕೈಯಿಂದ ಒತ್ತಿದರೇ ಕೂತುಬಿಟ್ಟರೆ ತೂತು ಅಗಲವಾಗಿದೆ, ಆರ್ಮೇ ಹೋಗಿದೆ ಎಂದರ್ಥ. ಆಗ ಬರುವ ಸಲಹೆ ಗೊತ್ತಿರುವುದೇ: "ಸುತ್ತ ನಾಲ್ಕು ಟ್ಯಾಕ್ ಹೊಡೆದುಬಿಡ್ತೀನಿ ಅಣ್ಣ, ಏನೂ ಆಗಲ್ಲ." ಬೇಡ ಅನ್ನಿ. ವೆಲ್ಡಿಂಗ್ ಶಾಖಕ್ಕೆ ಒಳಗಿನ ಗ್ರೀಸೂ ಪ್ಲಾಸ್ಟಿಕ್ ಬಟ್ಟಲೂ ಸುಟ್ಟು ಹೊಸ ಜಾಯಿಂಟು ಅಂದೇ ಹಳತಾಗುತ್ತದೆ. ಮುರಿದ ಆರ್ಮಿಗೂ, ಬಾಗಿದ ಟೈ ರಾಡಿಗೂ ಇದೇ ಮಾತು. ಕಾಯಿಸಿ ನೇರ ಮಾಡುವುದು, ಬೆಸೆಯುವುದು ಎರಡೂ ಕೂಡದು.

ಕೂರಿಸುವಾಗ ಟೇಪರ್ ಒಣಗಿರಬೇಕು, ಗ್ರೀಸು ಎಣ್ಣೆ ಹಚ್ಚಬಾರದು. ಹೇಳಿದ ಟಾರ್ಕ್‌ಗೆ ನಟ್ಟು ಬಿಗಿದ ಮೇಲೆ ಅದರ ಸೀಳೂ ಪಿನ್ನಿನ ತೂತೂ ಎದುರಾಗದಿದ್ದರೆ ಇನ್ನಷ್ಟು ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸುವಂತಿಲ್ಲ. ಸ್ಪ್ಲಿಟ್ ಪಿನ್ ಹೊಸದೇ. ಹಳೇ ಪಿನ್ನನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಿ ತೂರಿಸುವುದು, ತಂತಿ ಸುತ್ತುವುದು ಎರಡನ್ನೂ ನೋಡಿದ್ದೇನೆ. ಕೆಲವು ರೂಪಾಯಿಯ ಪಿನ್ನಿಗಾಗಿ ಇಂಥ ಉಳಿತಾಯ ಮಾಡುವವರ ಲೆಕ್ಕ ನನಗೆ ಇನ್ನೂ ಅರ್ಥವಾಗಿಲ್ಲ.

ಬುಷ್ ಬದಲಿಸುವಾಗ ಸರಿಯಾದ ಗ್ಯಾರೇಜುಗಳೂ ಒಂದು ತಪ್ಪು ಮಾಡುತ್ತವೆ. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಅದರ ಒಳಕೊಳವೆ ಬೋಲ್ಟಿನಿಂದ ಬಿಗಿಯಾಗಿ ನಿಂತಿರುತ್ತದೆ, ಹೊರಕೊಳವೆ ಆರ್ಮಿನ ಜೊತೆ ಆಡುತ್ತದೆ, ನಡುವಿನ ರಬ್ಬರು ಆ ತಿರುಚನ್ನು ತಾಳುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಆ ಬೋಲ್ಟನ್ನು ಪೂರ್ತಿ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ವರ್ಷಗಟ್ಟಲೆ ಬಾಳಬೇಕಾದ್ದು ತಿಂಗಳುಗಳಲ್ಲಿ ಹರಿಯುತ್ತದೆ. ಬೋಲ್ಟುಗಳನ್ನು ಕೈಬಿಗಿ ಮಾಡಿ, ಗಾಡಿಯನ್ನು ನೆಲಕ್ಕಿಳಿಸಿ, ಮುಂಭಾಗವನ್ನು ನಾಲ್ಕಾರು ಸಲ ಅದುಮಿ ಬಿಟ್ಟು, ಚಕ್ರದ ಮೇಲೆ ನಿಂತಿರುವಾಗಲೇ ಕೊನೆಯ ಬಿಗಿತ ಕೊಡಬೇಕು. ಕೆಳಗಿಳಿದು ಕೆಲಸ ಮಾಡುವ ಗುಂಡಿಯ ಮೇಲೆ ಗಾಡಿ ನಿಲ್ಲಿಸುವ ಸೌಕರ್ಯವಿರುವ ಗ್ಯಾರೇಜಿನಲ್ಲಿ ಇದು ಹತ್ತು ನಿಮಿಷದ ಕೆಲಸ.

ಶಾಕ್ ಅಬ್ಸಾರ್ಬರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಭಾರ ಹೊರುವುದಿಲ್ಲ, ಸ್ಪ್ರಿಂಗಿನ ಕುಣಿತ ನಿಲ್ಲಿಸುತ್ತದೆ. ಎಣ್ಣೆ ಸೋರಿದ್ದರೆ ಜೋಡಿಯಾಗಿ ಬದಲಿಸಿ. ಒಂದು ಹೊಸದು ಒಂದು ಹಳತು ಇದ್ದರೆ ಗಾಡಿ ಒಂದು ಪಕ್ಕಕ್ಕೆ ಜೋಲಿ ಹೊಡೆಯುತ್ತದೆ.

ಲೀಫ್ ಸ್ಪ್ರಿಂಗ್ ಗಾಡಿಯಾದರೆ

ಗಟ್ಟಿ ಆಕ್ಸಲ್ ಗಾಡಿಯಲ್ಲಿ ಚಕ್ರ ಮಗುಚುವುದಿಲ್ಲ, ಹಿಂದಕ್ಕೆ ಜರುಗುತ್ತದೆ. ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ಕಟ್ಟಾದರೆ ಆಕ್ಸಲ್ಲಿನ ಆ ತುದಿ ಜಾಗ ಬಿಟ್ಟು, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರು ಮಡ್‌ಗಾರ್ಡಿನ ಹಿಂಬದಿಗೆ ಉಜ್ಜುತ್ತದೆ. ಸೆಂಟರ್ ಬೋಲ್ಟ್ ಹೊಸದು ಹಾಕಿ ಕಳಿಸಿದರೆ ಅದೂ ಕಟ್ಟಾಗುತ್ತದೆ. ತಪ್ಪು ಅದರದ್ದಲ್ಲ, ಯು ಬೋಲ್ಟುಗಳದು. ಪ್ಲೇಟುಗಳನ್ನು ಆಕ್ಸಲ್ಲಿಗೆ ಅಪ್ಪಿ ಹಿಡಿಯುವುದು ಯು ಬೋಲ್ಟಿನ ಕೆಲಸ. ಅವು ಸಡಿಲವಾದಾಗ ಎಲ್ಲ ಎಳೆತವೂ ಆ ಸಣ್ಣ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಮೈನ್ ಪ್ಲೇಟು ನಟ್ಟ ನಡುವಿನ ತೂತಿನಲ್ಲಿ ಸೀಳುವುದೂ ಬಹುತೇಕ ಇದೇ ಕಾರಣಕ್ಕೆ. ಒಮ್ಮೆ ಬಿಚ್ಚಿದ ಯು ಬೋಲ್ಟು ಹಿಗ್ಗಿರುತ್ತದೆ, ಹೊಸದನ್ನೇ ಹಾಕಿ. ಲೋಡು ಹಾಕಿ ಐನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಬಿಗಿಸಿ.

ಕಟ್ಟಾದ ಪ್ಲೇಟಿಗೆ ವೆಲ್ಡಿಂಗ್ ಎಂದೂ ನಿಲ್ಲುವುದಿಲ್ಲ. ಸ್ಪ್ರಿಂಗ್ ಉಕ್ಕು ಬೆಸುಗೆಯ ಪಕ್ಕದಲ್ಲೇ ಗಾಜಿನಂತೆ ಗಡುಸಾಗಿ ಅಲ್ಲೇ ಒಡೆಯುತ್ತದೆ. ಒಂದು ಪ್ಲೇಟು ಹೆಚ್ಚಿಗೆ ಸೇರಿಸಿ ಜಾಸ್ತಿ ಲೋಡು ಹೊರುವ ಉಪಾಯವೂ ಅಷ್ಟೆ. ಸ್ಪ್ರಿಂಗು ತಾಳುತ್ತದೆ, ಅದನ್ನು ಹಿಡಿದ ಚಾಸಿಯ ಬ್ರಾಕೆಟ್ ತಾಳುವುದಿಲ್ಲ. ಜೊತೆಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಮಿತಿ ಮೀರಿದ ಲೋಡಿಗೆ ದಂಡ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಚಾಸಿಯ ಬಿರುಕು

ಹೊಸ ಜಾಯಿಂಟ್, ಹೊಸ ಬುಷ್ ಎಲ್ಲ ಹಾಕಿದ ಮೇಲೂ ಗಾಡಿ ಒಂದು ಕಡೆಗೆ ಎಳೆದರೆ, ಅಥವಾ ಹಂಪಿನಲ್ಲಿ ಸದ್ದು ಉಳಿದರೆ, ಆರ್ಮು ಚಾಸಿಗೆ ಸೇರುವ ಜಾಗವನ್ನು ನೋಡಬೇಕು. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ದುಡಿದ ಗಾಡಿಯಾದರೆ ಇದನ್ನು ಮೊದಲೇ ನೋಡುವುದು ಒಳ್ಳೆಯದು. ಮಣ್ಣು, ಹಳೇ ಗ್ರೀಸು, ಮೇಲೆ ಬಳಿದ ಕಪ್ಪು ಪೇಂಟು ಬಿರುಕನ್ನು ಪೂರ್ತಿ ಮುಚ್ಚಿರುತ್ತವೆ.

ಇದಕ್ಕೊಂದು ಹಳೇ ಗ್ಯಾರೇಜು ವಿದ್ಯೆ ಇದೆ. ಜಾಗವನ್ನು ವೈರ್ ಬ್ರಷ್ಷಿನಿಂದ ಲೋಹ ಕಾಣುವಂತೆ ಉಜ್ಜಿ, ಸೀಮೆಎಣ್ಣೆಯನ್ನು ಧಾರಾಳವಾಗಿ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಬಟ್ಟೆಯಿಂದ ಪೂರ್ತಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ನಿಧಾನಕ್ಕೆ ಹೊರಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಸಪೂರ ಗೆರೆ ಮೂಡುತ್ತದೆ. ಗೆರೆ ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಅದೇ ತೋರಿಸುತ್ತದೆ, ಮುಂದಿನ ಕೆಲಸಕ್ಕೆ ಅದು ಬೇಕು.

ಆರ್ಮಿಗೆ ವೆಲ್ಡಿಂಗ್ ಬೇಡ ಎಂದೆ, ಚಾಸಿಗೆ ಮಾಡಬಹುದು, ಆದರೆ ಬಲ್ಲವನು ಮಾಡಬೇಕು. ಬ್ಯಾಟರಿ ವೈರ್ ಬಿಚ್ಚಿ, ಬಿರುಕಿನ ತುದಿಗೆ ಸಣ್ಣ ತೂತು ಕೊರೆದು ಅದು ಮುಂದೆ ಓಡದಂತೆ ತಡೆದು, ಬಿರುಕಿನ ಉದ್ದಕ್ಕೂ ಗ್ರೈಂಡರಿನಲ್ಲಿ ವಿ ಆಕಾರಕ್ಕೆ ಕೊರೆದು, ಒಣಗಿಸಿದ 7018 ರಾಡಿನಿಂದ ಬುಡದಿಂದ ತುಂಬಿಸಿಕೊಂಡು ಬರಬೇಕು. ಮೇಲೊಂದು ಪಟ್ಟಿ ಕೂರಿಸುವುದಾದರೆ ಅದರ ತುದಿಗಳು ಚೂಪಾಗಿರಲಿ. ಚೌಕದ ಪಟ್ಟಿಯ ನೇರ ಅಂಚು ಚಾಸಿಗೆ ಅಡ್ಡಲಾಗಿ ಬಂದರೆ ಮುಂದಿನ ಬಿರುಕು ಆ ಗೆರೆಯಲ್ಲೇ ಹುಟ್ಟುತ್ತದೆ. ತುಕ್ಕು ಹಿಡಿದು ತಗಡಿನಷ್ಟು ತೆಳ್ಳಗಾದ ಕಡೆ ಇದಾವುದೂ ನಡೆಯುವುದಿಲ್ಲ. ಸ್ಕ್ರೂ ಡ್ರೈವರ್ ಒತ್ತಿದರೆ ಒಳಹೋಗುವ ಚಾಸಿಗೆ ಹೊಸ ಸಸ್ಪೆನ್ಷನ್ ಹಾಕುವುದು ದುಡ್ಡು ಸುಟ್ಟಂತೆ. ಅಂಥ ಗಾಡಿಯನ್ನು ಗುಜರಿಗೆ ಕೊಡಿ ಎಂದೇ ನನ್ನ ಅಭಿಪ್ರಾಯ.

ಬಿಡಿಭಾಗ, ಅಲೈನ್‌ಮೆಂಟ್, ಎಫ್‌ಸಿ

ಹಳೇ ಮಾಡೆಲ್ಲಿನ ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಬೇಕಾಗಬಹುದು. ಹೋಗುವಾಗ ಗಾಡಿಯ ಚಾಸಿ ನಂಬರ್, ಕಿತ್ತು ಬಂದ ಹಳೇ ಭಾಗ ಎರಡೂ ಜೊತೆಗಿರಲಿ. ಪಿನ್ನಿನ ದಪ್ಪ, ಟೇಪರ್, ಬೋಲ್ಟ್ ತೂತುಗಳ ಅಂತರ ಪಕ್ಕಪಕ್ಕ ಇಟ್ಟು ನೋಡಿ. ಹೊಸ ಬಾಲ್ ಜಾಯಿಂಟಿನ ಪಿನ್ನು ಕೈಯಲ್ಲಿ ಆಡಿಸಿದರೆ ಬಿಗಿಯಾಗಿ, ಒಂದೇ ಸಮ ತಿರುಗಬೇಕು. ಸಡಿಲವಾಗಿ ಲೊಟಲೊಟ ಆಡಿದರೆ ಡಬ್ಬಿಯ ಮೇಲೆ ಯಾವ ಹೆಸರಿದ್ದರೂ ವಾಪಸ್ ಕೊಡಿ. ಗುಜರಿಯಿಂದ ಆರ್ಮು ತರುವುದಕ್ಕೆ ನನ್ನ ಆಕ್ಷೇಪವಿಲ್ಲ, ಸಮತಟ್ಟು ನೆಲದ ಮೇಲಿಟ್ಟು ನಿಮ್ಮ ಆಚೆ ಬದಿಯ ಆರ್ಮಿನೊಂದಿಗೆ ಹೋಲಿಸಿ ಬಾಗಿಲ್ಲವೆಂದು ಖಾತ್ರಿಯಾದರೆ. ಗುಜರಿಯ ಬಾಲ್ ಜಾಯಿಂಟು ಮಾತ್ರ ಬಿಟ್ಟಿಯಾಗಿ ಸಿಕ್ಕರೂ ಬೇಡ.

ಮುಂಭಾಗದ ಯಾವ ಭಾಗ ಬದಲಿಸಿದರೂ ವೀಲ್ ಅಲೈನ್‌ಮೆಂಟ್ ಕಡ್ಡಾಯ. ಗಟ್ಟಿ ಆಕ್ಸಲ್ಲಿನ ಗಾಡಿಯಲ್ಲಿ ಸಾಮಾನ್ಯವಾಗಿ ಟೋ ಮಾತ್ರ ಸರಿಪಡಿಸಲು ಬರುತ್ತದೆ. ಆರ್ಮುಗಳಿರುವ ಗಾಡಿಯಲ್ಲಿ ಶಿಮ್ ಅಥವಾ ಕ್ಯಾಮ್ ಬೋಲ್ಟಿನಿಂದ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ), ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲುವ ಕೋನ) ಕೂಡ ಹೊಂದಿಸಬಹುದು. "ಎಷ್ಟು ಶಿಮ್ ಹಾಕಿದ್ರೂ ಕ್ಯಾಂಬರ್ ಬರ್ತಿಲ್ಲ" ಎಂದು ಅಲೈನ್‌ಮೆಂಟ್ ಹುಡುಗ ಹೇಳಿದರೆ ಬೇಸರ ಪಡಬೇಡಿ, ಅವನು ರೋಗ ಹಿಡಿದುಕೊಟ್ಟಿದ್ದಾನೆ. ಆರ್ಮೋ ನಕಲೋ ಚಾಸಿಯೋ ಬಾಗಿದೆ. ಗಾಡಿಯನ್ನು ಮತ್ತೆ ಮೇಸ್ತ್ರಿಯ ಹತ್ತಿರ ಒಯ್ಯಿರಿ. ಅಲೈನ್‌ಮೆಂಟಿಗೆ ಮೊದಲಿನ ಮತ್ತು ನಂತರದ ಅಳತೆಯಿರುವ ಪ್ರಿಂಟ್ ಕೇಳಿ ಪಡೆಯಿರಿ.

ಸರಕು ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಆಗಬೇಕು. ಬಹಳ ಮಂದಿ ಎಫ್‌ಸಿಗೆ ಮುನ್ನ ಪೇಂಟ್, ರಿಫ್ಲೆಕ್ಟರ್ ಸ್ಟಿಕ್ಕರ್ ಸರಿಮಾಡಿಸುತ್ತಾರೆ. ಅದೇ ಹೊತ್ತಿಗೆ ಚಕ್ರ ಎತ್ತಿಸಿ ಆಡಿಸಿ ನೋಡುವ ಕೆಲಸವನ್ನೂ ಸೇರಿಸಿಕೊಂಡರೆ ವರ್ಷಕ್ಕೊಮ್ಮೆಯಾದರೂ ಯಾರದೋ ಕಣ್ಣು ಬಾಲ್ ಜಾಯಿಂಟಿನ ಬೂಟಿನ ಮೇಲೆ ಬೀಳುತ್ತದೆ.

ರಿಪೇರಿ ಮುಗಿದ ದಿನ ಬಿಲ್ಲು ಕೊಡುವ ಮುಂಚೆ ತೆಗೆದ ಹಳೇ ಭಾಗಗಳನ್ನೆಲ್ಲ ನಿಮ್ಮ ಕೈಗೆ ಕೊಡಲು ಕೇಳಿ. ಗಾಡಿಯ ಕೆಳಗೆ ಬಗ್ಗಿ ಎರಡೂ ಬದಿಯ ಸ್ಪ್ಲಿಟ್ ಪಿನ್ನು ಹೊಳೆಯುತ್ತಿದೆಯೇ, ಬ್ರೇಕ್ ಹೋಸ್ ಎಲ್ಲೂ ತಿರುಚಿಕೊಂಡಿಲ್ಲವೇ ಎಂದು ನೋಡಿ. ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ಹೋಸ್ ಎಳೆಯುತ್ತದೆಯೇ ಎಂದು ಇನ್ನೊಮ್ಮೆ ನೋಡಿ. ಮೊದಲ ಟ್ರಿಪ್ಪಿಗೆ ಲೋಡು ಬೇಡ, ಖಾಲಿ ಗಾಡಿಯಲ್ಲೇ ಊರ ಸುತ್ತ ಓಡಿಸಿ. ವಾರ ಕಳೆದ ಮೇಲೆ ಎಲ್ಲ ಬೋಲ್ಟುಗಳ ಬಿಗಿತ ಮತ್ತೊಮ್ಮೆ ನೋಡಿಸಿ.